ಪೀಚ್ ಮರದ ಹೀಚು

ಅಥವಾ ಅದು ಏಣಿಯೇ ಅಲ್ಲ, ಅಡುಗೆಮನೆಯ ಸ್ಟೂಲ್ ಇದ್ದೀತು. ನಮ್ಮ ಹಿತ್ತಲಿನ ಪೀಚ್ ಮರಕ್ಕೆ ಕೈಹಾಕಲು ಆಫೀಸಿನ ಗುರುರಾಜ ಯಾವುದರ ಮೇಲೆ ಹತ್ತಿದ ಎಂಬುದನ್ನು ನನ್ನ ನೆನಪು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತದೆ. ಆಗಷ್ಟೇ ಮಳೆ ನಿಂತಿತ್ತು ಎಂದೂ ಹೇಳುತ್ತದೆ. ಅದನ್ನಂತೂ ನಾನು ನಂಬುವುದಿಲ್ಲ. ಬೇಸರದ ಸಂಗತಿಗಳ ಮೇಲೆಲ್ಲ ಒಂದಿಷ್ಟು ಮಳೆ ಸುರಿಸುವುದು ಅದರ ಚಟ.

ಮರದ ಬಗ್ಗೆ ಅನುಮಾನವಿಲ್ಲ. ಈ ಪರದೇಶದ ಚಳಿಯೂರು ವುಡ್‌ಬ್ರಿಡ್ಜ್‌ನಲ್ಲಿ ಮನೆ ಕೊಂಡ ವರ್ಷ ಏನು ನೆಡುವುದೆಂದು ನಾನೂ ಹೆಂಡತಿ ವಸುಧಾಳೂ ನರ್ಸರಿಯಲ್ಲಿ ಅರ್ಧ ದಿನ ಜಗಳವಾಡಿದ್ದೆವು. ಅವಳಿಗೆ ಮಾವು ಬೇಕಿತ್ತು. ಅಂಗಡಿಯ ಮುದುಕ ನಗಲಿಲ್ಲ. ನಮ್ಮಂಥವರನ್ನು ಬಹಳ ಕಂಡಿರಬೇಕು. ಅಂಜೂರಕ್ಕೆ ಚಳಿಗಾಲದಲ್ಲಿ ಗೋಣಿತಟ್ಟು ಸುತ್ತಬೇಕು, ಸೇಬು ಕಾಯಿ ಬಿಡಲು ಪಕ್ಕದಲ್ಲಿ ಬೇರೆ ಜಾತಿಯ ಇನ್ನೊಂದು ಸೇಬು ಬೇಕು, ಪೀಚ್ ಆದರೆ ಒಂದೇ ಸಾಕು ಎಂದ. ಒಂಟಿಯಾಗಿ ಬದುಕಬಲ್ಲ ಮರವೆಂದು ಅದನ್ನೇ ಆರಿಸಿದೆ. ಅದಕ್ಕೂ ಒಂದು ವಿಚಿತ್ರ ಸ್ವಭಾವವಿದೆ. ಇಷ್ಟು ಗಂಟೆ ಎಂದು ಚಳಿ ತಿನ್ನದೆ ಅದು ವಸಂತದಲ್ಲಿ ಸರಿಯಾಗಿ ಹೂಬಿಡುವುದಿಲ್ಲ. ಈ ದೇಶದಲ್ಲಿ ನಾನೂ ಅಷ್ಟೇ ಚಳಿ ತಿಂದಿದ್ದೇನೆ, ಹೂವಿನ ಸುದ್ದಿಯಿಲ್ಲ.

ಬ್ಯಾಂಕುಗಳು ಒಂದರ ಹಿಂದೊಂದು ಬಿದ್ದ ಮರುವರ್ಷ ಮರ ಹುಚ್ಚು ಹಿಡಿದಂತೆ ಕಾಯಿ ಕಚ್ಚಿತು. ಅದೇ ಹೊತ್ತಿಗೆ ಹತ್ತಿರದ ಪಿಸ್ಕಾಟವೇ ಊರಿನ ನನ್ನ ಆಫೀಸಿನಲ್ಲಿ ಮೇಲಿನವರು, ಟೀಮಿನಿಂದ ಯಾರನ್ನು ತೆಗೆಯಬಹುದೆಂದು ಹೆಸರುಗಳ ಪಟ್ಟಿ ಕೊಡಿ ಎಂದಿದ್ದರು. ಎಲ್ಲರೂ ಒಳ್ಳೆಯ ಕೆಲಸಗಾರರೇ. ಧಾರವಾಡದ ಗುರುರಾಜ ಅವರಲ್ಲೊಬ್ಬ. ವೀಸಾದ ಮೇಲಿದ್ದವನು ಅವನೊಬ್ಬನೇ. ಕೆಲಸ ಹೋದರೆ ದೇಶವನ್ನೇ ಬಿಡಬೇಕು. ಅವನ ಹೆಂಡತಿಗೆ ಆಗ ಐದನೇ ತಿಂಗಳು.

ಒಂದು ಭಾನುವಾರ ಅವರಿಬ್ಬರೂ ಊಟಕ್ಕೆ ಬಂದಿದ್ದರು. ಅಪ್ಪನ ಪೇರಲ ತೋಟದಲ್ಲಿ ಬೆಳೆದ ಗುರುರಾಜ ನಮ್ಮ ಮರ ನೋಡಿ ತಲೆಯಾಡಿಸಿದ.

“ಇಷ್ಟೂ ಇಟ್ಕೊಂಡ್ರ ಟೊಂಗಿ ಮುರೀತಾವ್ರೀ ಸರ್. ಹೀಚು ಕಿತ್ತು ಒಗೀಬೇಕು, ನಾಕರಾಗ ಮೂರು.”

ಹೇಳುತ್ತಲೇ ಹತ್ತಿ ಕೀಳತೊಡಗಿದ. ವಸುಧಾ ಒಳಗಿನಿಂದ ಓಡಿಬಂದಳು. ಹೀಚು ಕೀಳುವುದು ಅವಳ ಮೈಸೂರಿನ ಮನೆಯಲ್ಲಿ ಪಾಪದ ಕೆಲಸ. ಬಸುರಿಯ ಗಂಡನಂತೂ ಮರಕ್ಕೆ ಕೈಹಚ್ಚುವಂತೆಯೇ ಇಲ್ಲ.

“ಇಳೀರಿ ಗುರು. ಮನೇಲಿ ಬಸುರಿ ಹೆಂಡ್ತೀನ ಇಟ್ಕೊಂಡು ಹೀಚು ಕೀಳ್ತಾರಾ? ಕೀಳಲೇಬೇಕು ಅಂದ್ರೆ ಇವ್ರು ಕೀಳ್ಲಿ. ಇವ್ರಿಗೇನೂ ತಟ್ಟಲ್ಲ.”

ಹೀಗೆ ಪಾಪಕ್ಕೆ ನಾನು ನೇಮಕವಾದೆ. ಹತ್ತಿ ನಿಂತು, ಯಾವುದನ್ನು ಕೀಳಲಿ ಎಂದು ಕೆಳಗೆ ನಿಂತವನನ್ನು ಕೇಳಿದೆ. ಚಲೋದನ್ನ ಉಳಿಸ್ರಿ ಎಂದ. ಎಲ್ಲವೂ ಚೆನ್ನಾಗಿಯೇ ಇವೆಯಲ್ಲ ಎಂದೆ. ಗುರುರಾಜ ಕೆಳಗೆ ಬಿದ್ದಿದ್ದ ಹೀಚೊಂದನ್ನು ಕೈಗೆತ್ತಿಕೊಂಡ.

“ಹಂಗಾರ ಕೈಗೆ ಸಿಕ್ಕದ್ದು ಕೀಳ್ರಿ ಸರ್. ಗಿಡ ಏನೂ ಅನ್ನಂಗಿಲ್ಲ.”

ಹತ್ತು ಹನ್ನೆರಡು ಕಿತ್ತು ಇಳಿದುಬಿಟ್ಟೆ. ಆಗಸ್ಟಿನಲ್ಲಿ ದೊಡ್ಡ ಕೊಂಬೆಯೊಂದು ಹಣ್ಣಿನ ಭಾರಕ್ಕೆ ಸೀಳಿ ನೆಲ ಮುಟ್ಟಿತು. ಆ ಹೊತ್ತಿಗೆ ಗುರುರಾಜನ ಸಂಸಾರ ಧಾರವಾಡ ಸೇರಿತ್ತು. ಅವನ ಹೆಸರು ಕೊಟ್ಟವನು ನಾನೇ. ಊರಿನಲ್ಲಾದರೆ ಬಾಣಂತನಕ್ಕೆ ಅನುಕೂಲ ಎಂಬ ಕಾರಣವನ್ನೂ ನನಗೆ ನಾನೇ ಕೊಟ್ಟುಕೊಂಡಿದ್ದೆ.

ಹೀಚಿಗೂ ಆ ಪಟ್ಟಿಗೂ ಹೋಲಿಕೆ ಕಟ್ಟುವುದು ಸುಲಭ. ನಾನೇ ಕಟ್ಟಿ ಎರಡು ಮೂರು ಪಾರ್ಟಿಗಳಲ್ಲಿ ಹೇಳಿದ್ದೇನೆ. ಜನ ಪ್ಲೇಟು ಹಿಡಿದು ಗಂಭೀರವಾಗಿ ತಲೆದೂಗಿದ್ದಾರೆ. ಆದರೆ ಹೀಚು ಮನೆ ಖಾಲಿ ಮಾಡುವುದಿಲ್ಲ, ಹೋಗುವ ಮುನ್ನ ಫೋನ್ ಮಾಡಿ, ವಸುಧಾಳನ್ನು ಅತ್ತಿಗೆಯೆಂದೇ ತಿಳಿದು, “ವೈನಿಯವ್ರಿಗೆ ನಮಸ್ಕಾರ ಹೇಳ್ರಿ ಸರ್” ಎನ್ನುವುದೂ ಇಲ್ಲ.

ಪಟ್ಟಿ ಮೊದಲೋ ಆ ಭಾನುವಾರ ಮೊದಲೋ ಎಂಬ ಪ್ರಶ್ನೆಯಷ್ಟೇ ಉಳಿದಿದೆ. ಕೈಗೆ ಸಿಕ್ಕದ್ದು ಕೀಳ್ರಿ ಎಂದು ಅವನು ಅಂದಾಗ ಅವನ ಹೆಸರು ಆಗಲೇ ಮೇಲಿನವರಿಗೆ ಹೋಗಿತ್ತೇ, ಅಥವಾ ಆ ಮಾತು ಕೇಳಿಸಿಕೊಂಡು ಮರುದಿನ ನಾನು ಬರೆದೆನೇ? ತಾರೀಖು ನೋಡೋಣವೆಂದರೆ ಆ ಆಫೀಸೂ ಇಲ್ಲ, ಅದರ ಈಮೇಲೂ ಇಲ್ಲ. ನನಗೆ ಗೊತ್ತಿಲ್ಲ.