ಕಲ್ಲಿನ ಮೇಲಿನ ಕೆಂಪು ಹೆಸರು

ಗಂಡ ಹೆಂಡಿರಲ್ಲಿ ಒಬ್ಬರು ತೀರಿಕೊಂಡಾಗ ಸಮಾಧಿಯ ಕಲ್ಲಿನ ಮೇಲೆ ಇಬ್ಬರ ಹೆಸರನ್ನೂ ಒಟ್ಟಿಗೇ ಕೆತ್ತಿಸುವುದು ಆನ್‌ಕಾಂಗ್ ಊರಿನ ಕ್ರಮ. ಸತ್ತವರ ಹೆಸರಿಗೆ ಕಪ್ಪು, ಬದುಕಿರುವವರ ಹೆಸರಿಗೆ ಕೆಂಪು.

ಅದರಂತೆ ನಿವೃತ್ತ ಸಾಹಿತ್ಯ ಶಿಕ್ಷಕಿ ಚ್ಯೂ ವೇಯ್‌ಹೋಂಗ್ ತಮ್ಮ ಗಂಡನ ಕಲ್ಲನ್ನು ನೋಡಲು ಹಾನ್ ನದಿಯ ದಂಡೆಯಲ್ಲಿದ್ದ ಕಲ್ಲುಕುಟಿಗ ಫೆಂಗ್‌ನ ಅಂಗಡಿಗೆ ಹೋದರು. ಗಂಡನ ಹೆಸರು ಸರಿಯಾಗಿತ್ತು. ಅದರ ಪಕ್ಕದಲ್ಲಿ ಕೆಂಪಾಗಿ ‘ಚ್ಯೂ ಝಾವೊದಿ’ ಎಂದಿತ್ತು. ೧೯೬೬ರ ಆಗಸ್ಟಿನ ನಂತರ ಆ ಹೆಸರಿನವರು ಯಾರೂ ಇರಲಿಲ್ಲ.

“ಇದನ್ನ ಯಾರು ಹೇಳಿದ್ದು?”

“ನಿಮ್ಮ ತಮ್ಮನೇ, ಟೀಚರ್. ಹುಟ್ಟಿದಾಗಿನ ಹೆಸರೇ ಇರ್ಲಿ ಅಂದ್ರು.”

ತಮ್ಮ ಜಿಬಾವೊ ಅಲ್ಲೇ ಕುಳಿತು ಚಹಾ ಹೀರುತ್ತಿದ್ದ. “ಅಪ್ಪ ಇಟ್ಟ ಹೆಸರು ಅಕ್ಕ. ಅದರ ದೆಸೆಯಿಂದಾನೇ ನಾನು ಹುಟ್ಟಿದ್ದು.”

“ಅದೇ ನನ್ನ ತಕರಾರು. ಝಾವೊದಿ ಅಂದ್ರೆ ‘ತಮ್ಮನನ್ನು ಕರೆದು ತಾ’ ಅಂತ. ಅದು ಹೆಸರಲ್ಲ, ಅಪ್ಪಣೆ. ಕರೆತಂದಾಯ್ತು, ಕೆಲಸ ಮುಗೀತು.”

ತಂದೆಯ ಹೊಸ್ತಿಲು ದಾಟಿ ತಮ್ಮ ಬಾಳನ್ನು ತಾವೇ ಆರಿಸಿಕೊಂಡ ಹೆಣ್ಣುಮಕ್ಕಳ ಕತೆಗಳನ್ನು ಅವರು ಜೀವಮಾನವಿಡೀ ಪಾಠ ಹೇಳಿದ್ದರು. ತಾವೂ ಅವರಲ್ಲೊಬ್ಬರೆಂದು ನಂಬಿದ್ದರು. ಕೆಂಪು ಕ್ರಾಂತಿಯ ಆ ಆಗಸ್ಟಿನಲ್ಲಿ, ‘ಕೆಂಪನ್ನು ಕಾಯುವವಳು’ ಎಂಬರ್ಥದ ವೇಯ್‌ಹೋಂಗ್ ಹೆಸರನ್ನು ತರಗತಿಯಲ್ಲಿ ಕೈಯೆತ್ತಿ ಎದ್ದುನಿಂತು ತಾವೇ ಇಟ್ಟುಕೊಂಡಿದ್ದರು.

“ವೇಯ್‌ಹೋಂಗ್ ಅಂತ ನೀನೊಬ್ಳೇ ಇಟ್ಕೊಂಡ್ಯಾ?” ಜಿಬಾವೊ ನಕ್ಕ. “ನಿಮ್ಮ ಕ್ಲಾಸಲ್ಲಿ ಆ ಹೆಸರು ಕೂಗಿದ್ರೆ ಅರ್ಧ ಬೆಂಚು ಎದ್ದು ನಿಲ್ತಿತ್ತು.”

“ನನ್ನ ನಾದಿನೀನೂ ವೇಯ್‌ಹೋಂಗೇ,” ಎಂದ ಫೆಂಗ್.

“ಪತ್ರಿಕೇಲಿ ಕತೆ ಬರೀತಿದ್ಯಲ್ಲ ಅಕ್ಕ, ಆ ಹೆಸರಾದ್ರೂ ಹಾಕ್ಸು ಮತ್ತೆ.”

“ಅದು ಸಂಪಾದಕರು ಇಟ್ಟಿದ್ದು. ನನ್ನನ್ನ ಕೇಳಲೂ ಇಲ್ಲ.”

ಹೇಳಿದ ಮೇಲೆ ಅವರಿಗೇ ದಿಗಿಲಾಯಿತು. ಅಪ್ಪನದು ಒಂದು, ಕಾಲದ್ದು ಒಂದು, ಸಂಪಾದಕರದು ಒಂದು. ಹಾಗಾದರೆ ತಮ್ಮದು ಯಾವುದು?

“ಅರೆದು ತೆಗೀಬಹುದು,” ಎಂದ ಫೆಂಗ್. “ಆದ್ರೆ ಅಲ್ಲಿ ತಗ್ಗಾಗುತ್ತೆ. ನಿಮ್ಮ ಹೆಸರು ಯಜಮಾನ್ರ ಹೆಸರಿನ ಮಟ್ಟದಲ್ಲಿ ಇರಲ್ಲ.”

“ತಗ್ಗಾದರೆ ಆಗಲಿ. ಸುಳ್ಳು ಇರಬಾರದು.”

“ಸರಿ, ಏನು ಕೆತ್ಲಿ?”

ಅವರು ಕಲ್ಲಿನ ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಂದು ತರಗತಿಯಲ್ಲಿ ಕೈಯೆತ್ತಿದ್ದು ತಾವೋ, ಸುತ್ತಲಿನವರೆಲ್ಲ ಎತ್ತಿದ್ದರಿಂದ ಕೈ ತಾನಾಗಿ ಎದ್ದಿತೋ? ಎಷ್ಟು ಕೆದಕಿದರೂ ನೆನಪು ಉತ್ತರ ಕೊಡಲಿಲ್ಲ. ಮದುವೆಯಾದದ್ದು, ಪಾಠ ಹೇಳಿದ್ದು, ಹೆತ್ತದ್ದು ಮಾತ್ರ ಆ ಹೆಸರಿನಲ್ಲೇ ಎಂಬುದು ನಿಜ.

“ವೇಯ್‌ಹೋಂಗ್,” ಎಂದರು. ಬೇರೆ ಯಾರನ್ನೋ ಕರೆದಂತಿತ್ತು.

ಯಂತ್ರ ತಿರುಗಿತು. ಜಿಬಾವೊ ಚಹಾದ ಲೋಟಕ್ಕೆ ಅಂಗೈ ಮುಚ್ಚಿಕೊಂಡ. “ಈಚೆ ಬಾ ಅಕ್ಕ, ಕಣ್ಣಿಗೆ ಧೂಳು ಬೀಳುತ್ತೆ.”

ಅವರು ಕದಲಲಿಲ್ಲ. ಝಾವೊದಿ ಗೆರೆಗೆರೆಯಾಗಿ ಕೆಂಪು ಪುಡಿಯಾಗುತ್ತಿದ್ದಳು. ಅಪ್ಪಣೆ ಹೊತ್ತು ಹುಟ್ಟಿದ ಆ ಹುಡುಗಿ ಕೊನೆಗೂ ಬಿಡುಗಡೆಯಾದಳೋ, ತಾವೇ ಅವಳನ್ನು ಅಳಿಸಿಹಾಕಿದರೋ ಎಂಬುದು ಅವರಿಗೆ ತಿಳಿಯಲಿಲ್ಲ.