ಡಾಲ್ಫಿನ್ನನ್ನು ಬೊಡ್ಡೆಯೆಂದ ಜಟ್ಟಿಂಗಪ್ಪ

ಜಟ್ಟಿಂಗಪ್ಪನಿಗೆ ಸಮುದ್ರ ಕಂಡರಾಗದು. ಉಪ್ಪು ನೀರು, ದಡವಿಲ್ಲ, ಗುರುತಿಗೊಂದು ಮರವಿಲ್ಲ. ಅವನು ಕಾರ್ಗಲ್ಲಿನವನು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಲಾಂಚ್ ನಡೆಸುತ್ತಿದ್ದವನು. ಆ ನೀರಿನಡಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ಬೇಸಿಗೆಯಲ್ಲಿ ನೀರಿಳಿದು ಒಂದು ಗೇಣು ಕಪ್ಪು ಕಂಡರೆ ಸಾಕು, ಚುಕ್ಕಾಣಿ ತಿರುಗಿಸಬೇಕು. ಇಲ್ಲವಾದರೆ ಲಾಂಚಿನ ಹೊಟ್ಟೆ ಸೀಳುತ್ತದೆ. ಇಷ್ಟು ವರ್ಷದಲ್ಲಿ ಅವನ ಲಾಂಚಿಗೆ ಒಂದು ಬೊಡ್ಡೆಯೂ ತಾಗಿರಲಿಲ್ಲ. ಆ ಜಂಬ ಅವನಿಗೆ ಧಾರಾಳವಾಗಿಯೇ ಇತ್ತು.

ಅದನ್ನು ಸಹಿಸದವನು ಹೆಂಡತಿಯ ತಮ್ಮ ಕನ್ನಪ್ಪ. ಅದೇ ಲಾಂಚಿನಲ್ಲಿ ಹತ್ತು ವರ್ಷ ಹಗ್ಗ ಎಳೆದು ಅವನಿಗೆ ಸಾಕಾಗಿತ್ತು. ಬಾವನಿಗೆ ಕಣ್ಣು ಮಂಜಾಗಿದೆ ಎಂದು ಲಾಂಚಿನ ಮಾಲೀಕನಾದ ಸಾಗರ ಪೇಟೆಯ ಮಧುಸೂದನನ ಕಿವಿಯಲ್ಲಿ ಊದಿಟ್ಟಿದ್ದ. ಕೆಲಸದವರನ್ನೆಲ್ಲ ಕಾರವಾರಕ್ಕೆ ಪ್ರವಾಸ ಕರೆದೊಯ್ಯುವಾಗ ಮಾಲೀಕ, ಚುಕ್ಕಾಣಿ ಯಾರಿಗೆಂದು ತಿರುಗಿ ಬಂದಮೇಲೆ ಹೇಳುತ್ತೇನೆ ಎಂದಿದ್ದ. ದಾರಿಯುದ್ದಕ್ಕೂ ಬಾವ, ಬಾಮೈದ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಮರುದಿನ ಬೆಳಿಗ್ಗೆ ಡಾಲ್ಫಿನ್ ತೋರಿಸುವ ದೋಣಿ ಹತ್ತಿದರು. ಜಟ್ಟಿಂಗಪ್ಪ ಅಭ್ಯಾಸಬಲದಿಂದ ಹಿಂದೆ, ಚುಕ್ಕಾಣಿಯ ಪಕ್ಕದಲ್ಲೇ ಕೂತ. ದೋಣಿಯವನು ಒಂದೇ ಕೈಯಲ್ಲಿ ಚುಕ್ಕಾಣಿ ಹಿಡಿದು ಮೊಬೈಲ್ ನೋಡುವುದನ್ನು ಕಂಡು ಅವನ ಮೈ ಉರಿಯಿತು. ಒಂದು ಗಂಟೆ ಸುತ್ತಿದರೂ ಏನೂ ಕಾಣಲಿಲ್ಲ. ಕೂತವರೆಲ್ಲ ಗೊಣಗತೊಡಗಿದರು.

ಆಗ ಎಡಕ್ಕೆ, ಸ್ವಲ್ಪ ದೂರದಲ್ಲಿ, ಅಲೆಗಳ ನಡುವೆ ಒಂದು ಗೇಣು ಕಪ್ಪು ಎದ್ದಿತು. “ಬೊಡ್ಡೆ” ಎಂದು ಕೂಗಿದ ಜಟ್ಟಿಂಗಪ್ಪ, ದೋಣಿಯವನ ಕೈ ತಳ್ಳಿ ಚುಕ್ಕಾಣಿಯನ್ನು ರಪ್ಪನೆ ತಿರುಗಿಸಿಬಿಟ್ಟ. ದೋಣಿ ವಾಲಿತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ಮಾಲೀಕನ ಕನ್ನಡಕ ನೀರುಪಾಲಾಯಿತು. ಎಲ್ಲರೂ ಎದ್ದು ಕೂರುವಷ್ಟರಲ್ಲಿ ಡಾಲ್ಫಿನ್ ಮುಳುಗಿ ಹೋಗಿತ್ತು.

ಬೈಗುಳದ ಮಳೆ ಸುರಿಯಿತು. ದೋಣಿಯವನಂತೂ, ಕಂಡ ಒಂದು ಡಾಲ್ಫಿನ್ನನ್ನೂ ಓಡಿಸಿದೆ, ಇನ್ನೊಮ್ಮೆ ಚುಕ್ಕಾಣಿ ಮುಟ್ಟಿದರೆ ಸಮುದ್ರಕ್ಕೆ ನೂಕುತ್ತೇನೆಂದ. ಕನ್ನಪ್ಪನಿಗೆ ಬೇಕಾದದ್ದು ಇದೇ.

“ನಾನ್ ಹೇಳಿದ್ನಲ್ಲ ಯಜಮಾನ್ರೇ,” ಎಂದ. “ಬಾವಂಗೆ ಡಾಲ್ಫಿನ್ನೂ ಒಂದೇ, ಬೊಡ್ಡೆನೂ ಒಂದೇ.”

ಮಧುಸೂದನ ಒದ್ದೆ ಮುಖ ಒರೆಸಿಕೊಳ್ಳುತ್ತ, ಸೋಮವಾರದಿಂದ ಲಾಂಚನ್ನು ಕನ್ನಪ್ಪನೇ ನಡೆಸಲಿ ಎಂದುಬಿಟ್ಟ. ಜಟ್ಟಿಂಗಪ್ಪನಿಗೆ ಎದೆ ಒಡೆದಂತಾಯಿತು. ತಪ್ಪು ತನ್ನದೇ ಆಗಿತ್ತು.

ಕನ್ನಪ್ಪ ಅಷ್ಟಕ್ಕೇ ಸುಮ್ಮನಿದ್ದರೆ ಕೆಲಸ ಅವನದೇ ಆಗುತ್ತಿತ್ತು. ತಾನು ಎಲ್ಲರಿಗಿಂತ ಮೊದಲೇ ಅದನ್ನು ನೋಡಿದ್ದೆ, ಡಾಲ್ಫಿನ್ನೆಂದು ಆಗಲೇ ಗೊತ್ತಾಗಿತ್ತು ಎಂದು ಕೊಚ್ಚಿಕೊಂಡ. ಯಾವ ಬದಿಗೆ ಕಂಡಿತೆಂದು ದೋಣಿಯವನು ಕೇಳಿದ. ಕನ್ನಪ್ಪ ಠೀವಿಯಿಂದ ಬಲಕ್ಕೆ ಕೈ ತೋರಿಸಿದ.

“ಎಡಕ್ಕಿತ್ತು,” ಎಂದ ದೋಣಿಯವನು. “ನನ್ಗಿಂತ ಮೊದ್ಲು ಕಂಡದ್ದು ಈ ಅಜ್ಜಂಗೆ. ಬುದ್ಧಿ ಇಲ್ಲ, ಕಣ್ಣುಂಟು.”

ಯಾರೋ ಕಿಸಕ್ಕನೆ ನಕ್ಕರು. ಮಾಲೀಕ ನಗಲಿಲ್ಲ. ದಡ ಸೇರುವವರೆಗೂ ಕನ್ನಪ್ಪನನ್ನೇ ದುರುಗುಟ್ಟಿ ನೋಡಿದ. ಇಳಿಯುವಾಗ, ಲಾಂಚಿನ ಚಾವಿ ಜಟ್ಟಿಂಗಪ್ಪನ ಹತ್ತಿರವೇ ಇರಲಿ ಎಂದ.

ಸೋಮವಾರ ಕನ್ನಪ್ಪ ಎಂದಿನಂತೆ ಹಿಂದೆ ಹಗ್ಗ ಬಿಚ್ಚಲು ಹೋದ. ಜಟ್ಟಿಂಗಪ್ಪ ಅವನನ್ನು ಜನರೆದುರೇ ತಡೆದ.

“ನಿನ್ ಕಣ್ಣು ಭಾರೀ ಚುರುಕಲ್ವಾ, ಮುಂದೆ ನಿಂತ್ಕಂಡು ಬೊಡ್ಡೆ ನೋಡು. ಎಡಗಡೆದನ್ನ ಎಡ ಅಂತ್ಲೇ ಹೇಳು.”