ರಾಚಮ್ಮನ ಕುಟ್ಟಾಣಿಗೆ ನಾಸಿರಾ ಕಾವಲು

ಬೆಳಕು ಹರಿಯುವ ಮುಂಚೆಯೇ ರಾಚಮ್ಮ ದಿಂಬಿನ ಕೆಳಗೆ ತಡಕಾಡುತ್ತಾರೆ. ಎಲೆಅಡಿಕೆ ಕುಟ್ಟುವ ಕುಟ್ಟಾಣಿ ಅಲ್ಲಿಲ್ಲ.

'ಎಲ್ ಮಡಗಿದ್ದೀಯೆ? ತಕ್ಕೊಡಮ್ಮಿ.'

ಚಾಚಿದ ಕೈಗೆ ಆಯಾ ನಾಸಿರಾ ಗಂಜಿಯ ಲೋಟ ಹಿಡಿಸುತ್ತಾರೆ. ರಾಚಮ್ಮ ಅದನ್ನು ಸರಿಸಿ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಮಕ್ಕಳನ್ನಾದರೂ ಪುಸಲಾಯಿಸಬಹುದು, ಎಲೆಅಡಿಕೆ ತಪ್ಪಿದ ಮುದುಕಿಯನ್ನು ಪುಸಲಾಯಿಸಿ ನೋಡಿ.

ಇದು 2009ರ ಮಳೆಗಾಲ. ಚಾಮರಾಜನಗರದ ಈ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿಗೆ ಫ್ಲೂ ನುಗ್ಗಿದೆ. ಹದಿನಾರು ಹಾಸಿಗೆಗಳಲ್ಲಿ ಐದು ಖಾಲಿ. ಜ್ವರ ಬಂದವರೆಲ್ಲ ಹಿಂದಿನ ಕೋಣೆಯಲ್ಲಿದ್ದಾರೆ. ಉಳಿದವರ ಮೈ ಒರೆಸಿ, ಬಟ್ಟೆ ಬದಲಿಸುವ ನಾಸಿರಾ, ಯಾರು ಕೆಮ್ಮಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇರುವುದರಿಂದ ನಾಸಿರಾ ಅವರ ಊಟ, ನಿದ್ದೆ ಎಲ್ಲ ಈಗ ಜಗಲಿಯಲ್ಲೇ. ಗಂಡ ಅಬ್ದುಲ್ ಜಬ್ಬಾರ್ ತಟ್ಟೆಯನ್ನು ಹೊಸಿಲ ಮೇಲಿಟ್ಟು ಒಳಗೆ ಹೋಗುತ್ತಾರೆ.

ಗುಂಡ್ಲುಪೇಟೆ ಕಡೆಯ ಭೀಮನಬೀಡಿನಿಂದ ರಾಚಮ್ಮ ತಂದ ಆ ಒಂದು ಕುಟ್ಟಾಣಿಯೇ ಹಲ್ಲಿಲ್ಲದ ಬಾಯಿಗಳಿಗೆಲ್ಲ ಆಸರೆಯಾಗಿತ್ತು. ಒಬ್ಬರು ಬೆರಳದ್ದಿ ತಿಂದು, ಉಳಿದದ್ದನ್ನು ಇನ್ನೊಬ್ಬರಿಗೆ ಕಳಿಸುವರು. ಹಾಸಿಗೆಯಿಂದ ಹಾಸಿಗೆಗೆ ಅದನ್ನು ಹೊತ್ತವರು ನಾಸಿರಾ. ಹರದನಹಳ್ಳಿಯ ಬಸವಯ್ಯನವರಿಗೆ ಜ್ವರ ಬರುವ ಹಿಂದಿನ ಸಂಜೆ ಅದು ಅವರ ಕೈಯಿಂದ ರಾಚಮ್ಮನ ಕೈಗೆ ವಾಪಸ್ ಬಂದಿತ್ತು. ಒಬ್ಬರ ಬಾಯಿಯದು ಇನ್ನೊಬ್ಬರಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ ಮೇಲೆ ನಾಸಿರಾ ಕುಟ್ಟಾಣಿಯನ್ನು ಎತ್ತಿ ಬಚ್ಚಿಟ್ಟರು. ಬಸವಯ್ಯನವರಿಗೆ ಜ್ವರ ಯಾರದೋ ಕೆಮ್ಮಿನಿಂದಲೂ ಬಂದಿರಬಹುದು ಎಂದು ಡಾಕ್ಟರು ಸಮಾಧಾನ ಹೇಳಿದ್ದಾರೆ, ಅದು ನಾಸಿರಾಗೆ ಸಾಲದು.

'ಬಸವಯ್ಯ ತಾತಂಗೆ ನನ್ ಕೈಯಾರೆ ಕೊಟ್ಟಿದ್ದೆ. ಪಾಪ, ಎಷ್ಟು ಆಸೆಯಿಂದ ತಿಂತಿದ್ರು.'

ನರ್ಸ್ ಚೈತ್ರ ರಾಚಮ್ಮನ ಕಂಕುಳಿಗೆ ಥರ್ಮಾಮೀಟರ್ ಇಡುತ್ತಾರೆ. ನಾಸಿರಾ ಮಂಚದ ಸರಳು ಹಿಡಿದು ನಿಲ್ಲುತ್ತಾರೆ. ಕೊನೆಗೂ ಚೈತ್ರ ತಲೆ ಎತ್ತುತ್ತಾರೆ. 'ಜ್ವರ ಇಲ್ಲ.'

'ಅವ್ವಾ, ಗಂಜಿ ಕುಡೀರಿ. ಆಮೇಲೆ ಬೇಕಾದ್ರೆ ಬೈಯಿರಿ.' ನಾಸಿರಾ ಮತ್ತೆ ಲೋಟ ಚಾಚುತ್ತಾರೆ.

'ಎಲೆ ಇಲ್ದೆ ಗಂಟ್ಲಲ್ಲಿ ಇಳಿಯಲ್ಲ ಕಣಮ್ಮಿ,' ಎನ್ನುತ್ತಲೇ ರಾಚಮ್ಮ ಎರಡು ಗುಟುಕು ಕುಡಿಯುತ್ತಾರೆ. ನಾಳೆ ಬೆಳಿಗ್ಗೆಯೂ ಥರ್ಮಾಮೀಟರ್ ಇಡಬೇಕು. ರಾಚಮ್ಮನಿಗೂ ಜ್ವರ ಬಂದೀತೆಂಬ ಭಯ ನಾಸಿರಾಗೆ ಇನ್ನೂ ಹೋಗಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ನಾಸಿರಾ ಹಿಂದಿನ ಕೋಣೆಯ ಬಾಗಿಲು ನೋಡುತ್ತಾರೆ. ಒಳಗೆ ಬಸವಯ್ಯ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾರೆ.

'ತಾತ ಎದ್ದು ಬಂದು, ಎಲೆಅಡಿಕೆ ಎಲ್ಲಮ್ಮಿ ಅಂತ ಕೇಳ್ಬೇಕು. ಕೊಡಾಕಿಲ್ಲ ಅಂತೀನಿ. ಬಯ್ಲಿ. ಹೊಟ್ಟೆ ತುಂಬ ಬೈಸ್ಕೋತೀನಿ.'